ಕಂಪನಿ ಕಳಿಸಿದ ಮೇಕೆಗಳು

ಕಲ್ಲಿದ್ದಲ ರೈಲು ಹೋದ ಮೇಲೆ ಎರ್ಸಿಲಿಯಾ ನೀರಿನ ಪೀಪಾಯಿಯ ಮುಚ್ಚಳ ತೆಗೆದಳು. ಮುಚ್ಚಿಟ್ಟರೂ ಅಷ್ಟೇ, ನೀರಿನ ಮೇಲೆ ಕರಿ ಕೆನೆ ಕಟ್ಟಿತ್ತು. ಸೋರೆಬುರುಡೆಯಿಂದ ಕೆನೆ ತಳ್ಳಿ, ಅಡಿಯ ನೀರು ಮೊಗೆದು ಗಂಜಿಗಿಟ್ಟಳು. ತೂಗುಮಂಚ, ಒಣಹಾಕಿದ ನಿಲುವಂಗಿ, ಮಕ್ಕಳ ಮೂಗು, ಎಲ್ಲಕ್ಕೂ ಅದೇ ಬಣ್ಣ. ಗ್ವಾಹೀರ ಸೀಮೆಯ ನೆಲ ಬಗೆದು ತೆಗೆದ ಕಲ್ಲಿದ್ದಲು ಅವಳ ಅಂಗಳದ ಮುಂದಿನಿಂದಲೇ ಬಂದರಿಗೆ ಹೋಗುತ್ತಿತ್ತು. ಅಲ್ಲಿಂದ ಹಡಗು ಹತ್ತಿ ಯಾವ ದೇಶದ ದೀಪ ಉರಿಸುತ್ತಿತ್ತೋ. ಅವಳ ಗುಡಿಸಲಲ್ಲಿ ಸೀಮೆಎಣ್ಣೆ ಬುಡ್ಡಿ.

ಆ ಬೆಳಿಗ್ಗೆ ಅಂಗಳದಲ್ಲಿ ಮೇಕೆಗಳು ಅರಚುತ್ತಿದ್ದವು. ಕೊಬ್ಬಿದ ಮೇಕೆಗಳು. ಕಂಪನಿಯ ಲಾರಿ ಇಳಿಸಿ ಹೋಗಿತ್ತು. ಪಕ್ಕದಲ್ಲಿ ಕೋಲು ಊರಿಕೊಂಡು ಸತುರ್ನಿನೊ ಕೂತಿದ್ದ.

ಸತುರ್ನಿನೊ ಮಾತು ಒಯ್ಯುವವನು. ಅವರ ವಾಯೂ ಜನರಲ್ಲಿ ಅನ್ಯಾಯವಾದರೆ ನೊಂದವರ ಮಾತನ್ನು ಇಂಥವನೇ ತಪ್ಪು ಮಾಡಿದವರ ಮನೆಗೆ ಒಯ್ಯಬೇಕು. ಅವರು ತಪ್ಪೊಪ್ಪಿ ಮೇಕೆ ಕೊಡುತ್ತಾರೆ. ನೊಂದವರು ಆ ಮಾಂಸ ತಿಂದರೆ ಜಗಳ ಮುಗಿಯಿತು. ಆಮೇಲೆ ಯಾರೂ ಬಾಯಿ ಬಿಡುವ ಹಾಗಿಲ್ಲ.

ಕೆಲವು ವರ್ಷಗಳ ಹಿಂದೆ ಎರ್ಸಿಲಿಯಾಳ ಅವ್ವ ನೀರಿಗೆಂದು ಹಳಿ ದಾಟುವಾಗ ಇದೇ ರೈಲು ಹೊಡೆದು ಸತ್ತಳು. ಆಗಲೂ ಸತುರ್ನಿನೊನೇ ಮಾತು ಹೊತ್ತು ಬಂದರಿನ ಗೇಟಿಗೆ ಹೋಗಿದ್ದ. ಗೇಟಿನವರು ದಿನವಿಡೀ ಬಿಸಿಲಲ್ಲಿ ನಿಲ್ಲಿಸಿ, ಮುದುಕಿಗೆ ಕಿವಿ ಕೇಳುತ್ತಿರಲಿಲ್ಲವಂತಲ್ಲ ಎಂದು ಅಟ್ಟಿದ್ದರು. ಆಗ ಅವನ ಕಾಲಲ್ಲಿ ಟೈರಿನ ಚಪ್ಪಲಿ ಇತ್ತು. ಇವತ್ತು ಬೂಟು ಹೊಳೆಯುತ್ತಿತ್ತು.

"ಬೂಟು ಚೆನ್ನಾಗವೆ ಮಾಮ," ಅಂದಳು ಎರ್ಸಿಲಿಯಾ. "ಯಾವ ಅಂಗಡೀವು?"

"ಕಾಲ್ ನೋಡ್ಬೇಡ ಮಗಳೇ, ಮಾತ್ ಕೇಳು. ಕಂಪನಿ ದೊಡ್ಡ ಮನಸ್ ಮಾಡೈತೆ. ನಿಮ್ಮವ್ವನ ಎರಡನೇ ಮಣ್ಣು ಅವ್ರೇ ಮಾಡಿಸ್ತಾರಂತೆ. ನಮ್ ಪದ್ಧತಿಯಂಗೇ ಮೂಳೆ ಎತ್ತಿ ತೊಳ್ದು ನೀನೇ ಇಡು, ಖರ್ಚೆಲ್ಲ ಅವ್ರದ್ದು. ಊರಾಚೆ ಹೊಸ ಸ್ಮಶಾನ ಕಟ್ಸವ್ರೆ. ಸಿಮೆಂಟು, ಸುಣ್ಣ, ನೆರಳಿಗೆ ತಗಡು."

"ನಮ್ ಕುಲದ ಸ್ಮಶಾನ ಇಲ್ಲೇ ಐತಲ್ಲ?"

"ಇಲ್ಲಿ ಧೂಳಲ್ವಾ?"

ಎರ್ಸಿಲಿಯಾಗೆ ನಗು ಬಂತು. "ಬದುಕಿರೋರ್ ಕುಡಿಯೋ ನೀರಲ್ಲಿ ಕಾಣ್ದ ಧೂಳು ಸತ್ತೋರ್ ಮೇಲೆ ಕಾಣ್ತಾ ಅವ್ರಿಗೆ?"

ಸತುರ್ನಿನೊ ಕೋಲಿನಿಂದ ಮಣ್ಣು ಗೀರಿದ. "ಮಳೆಗಾಲದೊಳ್ಗೆ ಆಗ್ಬೇಕಂತೆ," ಅಂದ ಮೆಲ್ಲಗೆ.

ಆ ಮಾತು ಅವಳಿಗೆ ಮುಳ್ಳಿನಂತೆ ಚುಚ್ಚಿತು. ಸತ್ತವರಿಗೆ ಅವಸರವಿಲ್ಲ. ಮತ್ತೆ ಅವಸರ ಯಾರಿಗೆ?

ಗಂಜಿಯ ಮಡಕೆ ಇಳಿಸಿ ಸ್ಮಶಾನದ ಕಡೆ ನಡೆದಳು. ಹೋದ ವಾರ ಯಾರೋ ಬಂದು ಕೆಂಪು ಬಟ್ಟೆ ಕಟ್ಟಿದ ಗೂಟ ನೆಟ್ಟಿದ್ದರು. ನಿಮಗೆ ನೀರಿನ ಪೈಪು ಬರ್ತದೆ ಅಂದಿದ್ದರು. ಹೆಂಗಸರು ನಂಬಿ ಅವರಿಗೆ ಕಾಫಿ ಕಾಸಿ ಕೊಟ್ಟಿದ್ದರು. ಇವತ್ತು ಅವಳು ಗೂಟದಿಂದ ಗೂಟಕ್ಕೆ ನಡೆದು ನೋಡಿದಳು. ಸಾಲು ಯಾರ ಗುಡಿಸಲ ಕಡೆಗೂ ತಿರುಗಲಿಲ್ಲ. ಹಳಿಯಿಂದ ಕವಲೊಡೆದು, ಕಳ್ಳಿಬೇಲಿ ಹಾದು, ಅವ್ವನ ಗೋರಿಯ ಎಡಕ್ಕೊಂದು ಬಲಕ್ಕೊಂದು ಗೂಟವಾಗಿ, ನೇರ ಸಮುದ್ರಕ್ಕೆ ಹೋಗಿತ್ತು. ತುದಿಯಲ್ಲಿ ಹಡಗುಕಟ್ಟೆಯ ಹೊಸ ಕಂಬಗಳು ಏಳುತ್ತಿದ್ದವು.

ಕುಡಿಯುವ ನೀರು ಸಮುದ್ರದಿಂದ ಬರುತ್ತದೆಯೇ?

ಓಡಿ ಬಂದಳು. ಅಂಗಳದಲ್ಲಿ ಸೋದರಮಾವ ಗ್ಯಾಬಿನೊ ಒಂದು ಮೇಕೆಯ ಕಾಲು ಕಟ್ಟಿ ಚಾಕು ಮಸೆಯುತ್ತಿದ್ದ. ಮಕ್ಕಳು ಜೊಲ್ಲು ನುಂಗುತ್ತ ಸುತ್ತ ನಿಂತಿದ್ದವು. ಊಟದ ಫೋಟೋಗೆಂದು ಕಂಪನಿಯ ಹುಡುಗಿಯೊಬ್ಬಳು ಕ್ಯಾಮರಾ ಹಿಡಿದು ಕಾಯುತ್ತಿದ್ದಳು.

"ಮಾವ, ಚಾಕು ಇಡು."

"ಮಕ್ಳು ಮಾಂಸ ಕಂಡು ಎಷ್ಟ್ ದಿನ ಆಯ್ತು ಗೊತ್ತೇನೇ? ಕೊಟ್ಟಿದ್ ತಿನ್ನೋಕೂ ನಿನ್ ಅಪ್ಪಣೆ ಬೇಕಾ?"

"ಯಾಕ್ ಕೊಟ್ರು ಅಂತ ಕೇಳ್ದ್ಯಾ?"

"ನಿಮ್ಮವ್ವ ನನ್ ಒಡಹುಟ್ಟಿದೋಳು. ಆ ಋಣಕ್ಕೆ ಕೊಟ್ಟವ್ರೆ."

"ಸತುರ್ನಿನೊ ಮಾಮ, ನೀನೇ ಹೇಳು. ತಪ್ಪು ನಮ್ದು, ನಿಮ್ಮವ್ವನ್ನ ನಾವ್ ಕೊಂದ್ವಿ ಅಂತ ಅವ್ರು ಹೇಳಿದ್ರಾ? ಆ ಮಾತು ತಂದಿದ್ದೀಯಾ?"

ಸತುರ್ನಿನೊ ಬೂಟು ನೋಡಿಕೊಂಡ. "ಆ ಮಾತು... ಹೇಳ್ಲಿಲ್ಲ."

"ಬಾಯಲ್ಲಿ ತಪ್ಪೊಪ್ದೆ ಮೇಕೆ ಮಾತ್ರ ಕಳ್ಸವ್ರೆ. ನಾವ್ ತಿಂದ್ರೆ ಅವ್ವನ ಸಾವೂ ಮುಗೀತು, ಮೂಳೆ ಎದ್ರೆ ನೆಲಾನೂ ಹೋಯ್ತು. ಹೊಸ ಹಳಿ ಅವ್ವನ ಎದೆ ಮೇಲೇ ಬರ್ತಾ ಐತೆ ಮಾವ. ಬಂದು ಗೂಟ ನೋಡು."

ಕ್ಯಾಮರಾದ ಹುಡುಗಿ ಮೆಲ್ಲಗೆ ಕ್ಯಾಮರಾ ಇಳಿಸಿದಳು. ಗ್ಯಾಬಿನೊ ಹೋಗಿ ನೋಡಿದ. ಕುಲದ ಮೂಳೆ ಎಲ್ಲಿದೆಯೋ ನೆಲ ಆ ಕುಲದ್ದು; ಇದನ್ನು ಅವನಿಗೆ ಯಾರೂ ಕಲಿಸಬೇಕಿರಲಿಲ್ಲ. ಹಿಂದಿರುಗಿದವನು ಮೇಕೆಯ ಕಾಲಿನ ಹಗ್ಗ ಬಿಚ್ಚಿದ. ಚಿಕ್ಕ ಮಗುವೊಂದು ಅತ್ತಿತು. ಯಾರೂ ಸಮಾಧಾನ ಮಾಡಲಿಲ್ಲ.

ಮಧ್ಯಾಹ್ನ ಮೇಕೆಗಳು ಹಳಿಯ ಪಕ್ಕ ಬಂದರಿನ ಕಡೆ ಹೊರಟವು. ಮುಂದೆ ಸತುರ್ನಿನೊ. ಬೂಟನ್ನು ಒಂದು ಮೇಕೆಯ ಕುತ್ತಿಗೆಗೆ ನೇತುಹಾಕಿ ಬರಿಗಾಲಲ್ಲಿ ನಡೆಯುತ್ತಿದ್ದ.

ಎರ್ಸಿಲಿಯಾ ತನ್ನ ಪುಶೈನಾ ಕುಲದ ಹೆಂಗಸರಿಗೆಲ್ಲ ಹೇಳಿ ಕಳಿಸಿದಳು: ಪರಊರಲ್ಲಿ ಮಣ್ಣಾದ ನಮ್ಮವರನ್ನೆಲ್ಲ ಮನೆಗೆ ಕರ್ಕೊಂಡ್ ಬನ್ನಿ.

ಮಳೆಗೆ ಮುಂಚೆಯೇ ಅವರು ಬಂದರು. ಕೆಲವರು ಲಾರಿ ಹತ್ತಿ, ಕೆಲವರು ಕತ್ತೆಯ ಮೇಲೆ, ಉಳಿದವರು ನಡೆದು. ಎಲ್ಲರ ಮಡಿಲಲ್ಲೂ ಬಿಳಿ ಬಟ್ಟೆಯ ಗಂಟು. ಎರ್ಸಿಲಿಯಾ ಅವ್ವನ ಮೂಳೆ ತೊಳೆದು ಅಲ್ಲೇ ಕುಲದ ಗೋರಿಯಲ್ಲಿಟ್ಟಳು. ಮೂಳೆ ಮುಟ್ಟಿದ ಕೈಯಲ್ಲಿ ಉಣ್ಣಬಾರದು. ಚಿಕ್ಕಮ್ಮನ ಮಗಳು ದೆಲ್ಫಿನಾ ತುತ್ತು ಕೊಡುತ್ತಿದ್ದಳು. ಗ್ಯಾಬಿನೊ ತನ್ನ ಹಿಂಡಿನ ಕೊನೆಯ ಹೋತ ಕಡಿದಿದ್ದ.

ಧೂಳೆಬ್ಬಿಸಿಕೊಂಡು ಕಂಪನಿಯ ಜೀಪು ಬಂತು. ಸಾಹೇಬ ಫಾಬಿಯಾನ್ ಇಳಿದ.

"ಏನಿದು? ಖಾಲಿ ಮಾಡಿ ಅಂದ್ರೆ ತುಂಬ್ತಾ ಇದ್ದೀರಾ? ಏನಿದೆ ಆ ಗಂಟುಗಳಲ್ಲಿ?"

"ನಮ್ಮಜ್ಜೀರು," ಅಂದಳು ದೆಲ್ಫಿನಾ.

"ಮೇಕೆ ಕೊಟ್ಟಾಯ್ತು, ಮಾತು ಮುಗೀತು ಅಂತ ಅವತ್ತೇ ಮೇಲಿನೋರಿಗೆ ಹೇಳಿಬಿಟ್ಟಿದ್ದೀನಲ್ಲಮ್ಮ!"

ಎರ್ಸಿಲಿಯಾ ಬಾಯಿ ತೆರೆದು ತುತ್ತು ತೆಗೆದುಕೊಂಡಳು. ಅವಸರವಿಲ್ಲದೆ ಅಗಿದಳು, ನುಂಗಿದಳು.

"ಇದು ನಮ್ ಮೇಕೆ ಸಾಹೇಬ್ರೇ. ನಿಮ್ದು ನಾವ್ ತಿಂದಿಲ್ಲ. ಜಗಳ ಇನ್ನೂ ಐತೆ."

ಅವಳ ಹಿಂದೆ ಹೆಂಗಸರು ಒಬ್ಬೊಬ್ಬರಾಗಿ ಗೂಟ ಕೀಳುತ್ತಿದ್ದರು. ಆ ಕುಳಿಗಳಿಂದಲೇ ಅಜ್ಜಿಯರ ಗೋರಿಗಳ ಅಗೆತ ಶುರುವಾಯಿತು.