ತುದಿಯ ಎಳೆಗಳು

ಮಗ್ಗದ ಸದ್ದು ನಿಂತೇಹೋಯಿತಲ್ಲ, ಇವರು ನೀರು ಕುಡಿಯಲು ನಿಲ್ಲಿಸಿದರೋ ಏನೋ, ನೀರು ಎಲ್ಲಿಯದು, ದಿನಕ್ಕೆ ಎರಡೇ ಲೋಟ ಎಂದಿದ್ದಾರೆ ಡಾಕ್ಟರು, ಎರಡೂ ಕಿಡ್ನಿ ಹೋದವರಿಗೆ ನೀರೇ ವಿಷ — ರೊಟ್ಟಿ ಬಡಿಯುತ್ತ ಕಿವಿ ಅತ್ತ ಕೊಟ್ಟಿದ್ದೇನೆ, ಹತ್ತಕ್ಕೆ ಸೋಮೇಶನ ಆಟೋ, ಹನ್ನೊಂದಕ್ಕೆ ಗದಗಿನ ಆಸ್ಪತ್ರೆಯಲ್ಲಿ ರಕ್ತ ತೊಳೆಯುವ ಪಾಳಿ, ಶುಕ್ರವಾರದ್ದು ಇವರ ಹಟಕ್ಕೆ ತಪ್ಪಿತು, ಇವತ್ತೂ ತಪ್ಪಿದರೆ ಎದೆಗೆ ನೀರು ಏರುತ್ತದೆ ಎಂದು ನರ್ಸಬಾಯಿ ನನಗೇ ಬೈದಳು, ನಾನೇನು ಮಾಡಲಿ ತಾಯಿ, ಗಂಡನನ್ನು ಹೊತ್ತು ಒಯ್ಯಲೇ. ನಾ ಬರೂದಿಲ್ಲ, ಸಾಕಾಗೇತಿ, ನಿಮ್ಮೆಲ್ಲಾರ್ನೂ ತಿಂದು ತೇಗೀನಿ. ದಿನಾ ಇವರದು ಇದೇ ಮಾತು. ಮಗ ಸುನಿಲ ಮೊನ್ನೆ ತಾಟು ದೂಡಿ ಎದ್ದ, ಅಪ್ಪಗ ಬ್ಯಾಡಾದ್ರ ಬಿಡಬೇ ಯವ್ವಾ, ಎಷ್ಟಂತ ಜಗ್ಗತಿ, ಇಪ್ಪತ್ತೆರಡರ ಮಗನಿಗೆ ಕಪಾಳಕ್ಕೆ ಕೊಟ್ಟೆ, ಆದರೆ ಅವನು ಅಂದದ್ದು ನನ್ನೊಳಗಿನ ಮಾತೇ, ಥೂ, ಎಂಥ ಹೆಂಗಸು ನಾನು. ಇನ್ನೂ ಸದ್ದಿಲ್ಲ. ಹಿಟ್ಟು ಬಿಟ್ಟು ಎದ್ದೆ.

ಮಗ್ಗದ ಕೆಳಗಿನ ಗುಂಡಿ, ಆ ಕುಣಿಯಲ್ಲಿ ಬಾತ ಕಾಲು ಇಳಿಬಿಟ್ಟು ಕೂತಿದ್ದಾರೆ, ತೊಡೆಯ ಮೇಲೆ ಕತ್ತರಿ, ಹಾಸು, ಮಗ್ಗಕ್ಕೆ ಹೂಡಿದ ಉದ್ದನೂಲು, ಮುಗಿದಿದೆ, ಸೀರೆ ಇಳಿಸಿದ್ದಾರೆ, ಆದರೆ ತುದಿಯ ಎಳೆಗಳು — ಅಯ್ಯೋ, ಅವನ್ನೂ ಕತ್ತರಿಸಿಬಿಟ್ಟಿದ್ದಾರೆ! ಬೆಟಗೇರಿಯ ಯಾವ ನೇಕಾರ ಹೀಗೆ ಮಾಡುತ್ತಾನೆ, ಗೇಣುದ್ದ ಹಳೆಯ ಎಳೆ ಮಗ್ಗದಲ್ಲಿ ಉಳಿಯಬೇಕು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಅದಕ್ಕೆ ಹೊಸೆದು ಕೂಡಿಸಬೇಕು, ಮದುವೆಯಾದಾಗಿನಿಂದ ಕೂಡಿಸಿದವಳು ನಾನು, ಬೆರಳಿಗೆ ಬೂದಿ ಹಚ್ಚಿಕೊಂಡು ಎರಡೆರಡು ದಿನ, ಅತ್ತೆ ಸತ್ತಾಗಲೂ ಈ ಮಗ್ಗ ಬರಿದಾಗಿರಲಿಲ್ಲ. ಏನ್ರಿ ಇದು. ಇನ್ನ ಯಾರು ನೇಯವ್ರು, ನಿನಗೂ ಆರಾಮ ಆತ ಬಿಡು. ಕಿರುಚಬೇಕಿತ್ತು ನಾನು, ಅಳಬೇಕಿತ್ತು, ಆದರೆ ಹೆಗಲಿಂದ ಏನೋ ಇಳಿಯಿತು, ಹೌದು, ಹಗುರಾಯಿತು, ಇನ್ನು ಕೂಡಿಸುವುದಿಲ್ಲ, ಅಂಗಲಾಚುವುದಿಲ್ಲ, ಮಲಗಬಹುದು — ಆತ್ರಿ, ನಿಮ್ಮ ಮರ್ಜಿ, ಎಂದುಬಿಟ್ಟೆ, ನಾನೇ ಅಂದೆನೇ, ಅವರ ಮುಖ ನೋಡಬಾರದಿತ್ತು. ಹೊರಗೆ ಹಾರ್ನು, ಸೋಮೇಶ ಕೂಗುತ್ತಿದ್ದಾನೆ, ಚೌಡಕ್ಕ, ಜಲ್ದಿ ಬರ್ರಿ. ಇವರು ಕತ್ತರಿ ಕೆಳಗಿಟ್ಟರು, ಚೌಡಿ, ನನಗ ಅಂಜಿಕಿ ಬರಾಕತ್ತೈತಿ, ಎಬ್ಸು, ಹೋಗೂಣು, ಕುಣಿಯೊಳಗಿಂದ ಕೈ ಚಾಚಿದ್ದಾರೆ, ಒಬ್ಬರೇ ಏಳಲಾರರು, ಹಿಡಿಯಬೇಕು ನಾನು, ಹಿಡಿಯುತ್ತೇನೆ, ಬಗ್ಗಿದರೆ ಸಾಕು, ಆ ಕೈ, ಸೂಜಿ ಚುಚ್ಚಿ ಚುಚ್ಚಿ ಉಬ್ಬಿದ ನರ, ಮತ್ತೆ ಹಾರ್ನು, ಬಗ್ಗು ಚೌಡವ್ವ, ಬಗ್ಗೇ, ಅವರ ಕೈ ಇನ್ನೂ ಮೇಲೇ ಇದೆ, ನನ್ನದು ಸೆರಗಿನೊಳಗೆ, ಅವರ ಕೈ —