ಬಲಗೈಯ ಪಿಸ್ತೂಲು

ಈ ಗುಂಡೂ ಕರಿ ವೃತ್ತದ ಹೊರಗೇ ಬಿತ್ತು. ಗುರಿಯ ಕಾರ್ಡನ್ನೇ ತಪ್ಪಿ ಹಿಂದಿನ ಹಲಗೆಗೆ ಬಡಿದು ಟಪ್ಪೆಂದಿತು. ಶೀಲಾ ಪಿಸ್ತೂಲು ಇಳಿಸಿ, ಬಲಗೈಯನ್ನು ಚೂಡಿದಾರಕ್ಕೆ ಒರೆಸಿಕೊಂಡಳು. ಅಂಗೈಯೆಲ್ಲ ಬೆವರಿತ್ತು. ಹಿಂದೆ ನಿಂತ ಅಪ್ಪ ಕೆಮ್ಮಿದ. ಕೆಮ್ಮು ಬಂದು ಕೆಮ್ಮಿದ್ದಲ್ಲ ಅದು.

ಸವಣೂರಿನ ಹಲ್ಲಿನ ಡಾಕ್ಟರು ಪ್ರಿಯಂವದಾ ದವಾಖಾನೆಯ ಹಿತ್ತಲಿನಲ್ಲಿ ಗೋಡೆಗುಂಟ ಈ ಹತ್ತು ಮೀಟರಿನ ಜಾಗ ಮಾಡಿಕೊಂಡಿದ್ದರು. ಓದುವ ಕಾಲಕ್ಕೆ ವಿಶ್ವವಿದ್ಯಾಲಯದ ಶೂಟಿಂಗ್ ತಂಡದಲ್ಲಿ ಆಡಿದವರು. ಈಗ ಬಿಡುವಿಲ್ಲದೆ, ಗಾಳಿಯ ಒತ್ತಡದಿಂದ ಸೀಸದ ಸಣ್ಣ ಗುಂಡು ಹಾರಿಸುವ ತಮ್ಮ ಎರಡು ಪಿಸ್ತೂಲುಗಳನ್ನು ಮಾರಲು ತೆಗೆದಿದ್ದರು. ಚಿಕ್ಕೇರೂರಿನ ಕುಬೇರಪ್ಪ ಹೋದ ವಾರ ಒಬ್ಬನೇ ಬಂದು, ಥಳಥಳ ಹೊಳೆಯುವುದೊಂದನ್ನು ಒಪ್ಪಿ, ಮುಂಗಡವೆಂದು ಸಂಚಕಾರ ಕೊಟ್ಟು ಹೋಗಿದ್ದ. ಇವತ್ತು ಮಗಳನ್ನು ಕರೆದುಕೊಂಡು ಅದನ್ನು ಒಯ್ಯಲು ಬಂದಿದ್ದ.

ಬರುವ ಭಾನುವಾರ ಧಾರವಾಡದಲ್ಲಿ ಶೂಟಿಂಗ್ ತರಬೇತಿಗೆ ಆಯ್ಕೆ. ಆಯ್ಕೆಯಾದರೆ ಹಾಸ್ಟೆಲು, ಊಟ, ತರಬೇತಿ ಎಲ್ಲವೂ ಬಿಟ್ಟಿ. ಕಾಲೇಜಿನಲ್ಲಿದ್ದ ಒಂದೇ ಪಿಸ್ತೂಲು ಗಾಳಿ ಸೋರಿ ಮೂಲೆ ಸೇರಿತ್ತು. ಸ್ವಂತದ್ದು ಕೈಗೆ ಬರದಿದ್ದರೆ ಭಾನುವಾರ ಶೀಲಾ ಮನೆಯಲ್ಲಿ ಕೂತು ರೊಟ್ಟಿ ಬಡಿಯುವುದೇ ಸೈ.

ಆದರೆ ಒಂದು ಮಾತನ್ನು ಅಪ್ಪ ಮಗಳು ಇಬ್ಬರೂ ಈ ಹಿತ್ತಲಿನಲ್ಲಿ ಆಡಿರಲಿಲ್ಲ. ಶೀಲಾ ಎಡಗೈಯವಳು. ಊರ ಮಾತಿನಲ್ಲಿ ಹೇಳಬೇಕೆಂದರೆ ರೊಡ್ಡಿ. ಅಜ್ಜಿ ನಾಗವ್ವ ಊಟಕ್ಕೆ ಕೂಡಿಸುವಾಗ ಅವಳ ಎಡಗೈಗೆ ಅರಿವೆ ಸುತ್ತಿ ಕಟ್ಟಿ ತುತ್ತನ್ನು ಬಲಕ್ಕೆ ತಿರುಗಿಸಿದ್ದಳು. ಅಕ್ಷರವನ್ನು ಸಾಲೆಯ ಮಾಸ್ತರರು ತಿರುಗಿಸಿದರು. ಗುರಿಯನ್ನು ತಿರುಗಿಸುವವರು ಮಾತ್ರ ಯಾರೂ ಸಿಕ್ಕಿರಲಿಲ್ಲ. ಕಾಲೇಜಿನ ಪಿಸ್ತೂಲಿನ ಹಿಡಿ ಎರಡೂ ಕೈಗೆ ಆಗುವಂಥದ್ದು. ಅವಳು ಎಡಗೈಯಲ್ಲಿ ಹಿಡಿದಳು, ಗುಂಡು ಹೇಳಿದಲ್ಲಿ ಹೋಗಿ ಬಿತ್ತು.

ಹೋದ ವಾರ ಡಾಕ್ಟರು, ಮಗಳು ಯಾವ ಕೈಯವಳೆಂದು, ಕೇಳಿಯೇ ಕೇಳಿದ್ದರು. ಕೇಳಿದ್ದು ಹಲ್ಲು ಕೀಳಿಸಿಕೊಳ್ಳಲು ಸಾಲಾಗಿ ಕೂತ ಮಂದಿಯ ಎದುರಿಗೆ. ಕುಬೇರಪ್ಪನ ಬಾಯಿಂದ ‘ಎಡ’ ಅನ್ನುವ ಮಾತು ಹೊರಡಬೇಕಲ್ಲ! ನಾಳೆ ಲಗ್ನವಾಗಿ ಇನ್ನೊಬ್ಬರ ಮನೆಯಲ್ಲಿ ಊಟ ನೀಡುವ ಕೈ ಅದು. ಬಲಗೈರೀ, ಎಲ್ಲಾರ ಹಂಗ, ಅಂದುಬಿಟ್ಟಿದ್ದ. ಹಾಗಾಗಿ ಅವರು ಬಲ ಅಂಗೈಗೆ ಕೂಡುವಂತೆ ಉಬ್ಬು ತಗ್ಗು ಕೊರೆದ ಹಿಡಿಯ ಪಿಸ್ತೂಲನ್ನೇ ತೋರಿಸಿದ್ದರು. ಎಡಗೈಗೆ ಅದು ಕೂಡುವುದೇ ಇಲ್ಲ. ಮನೆಗೆ ಬಂದವನು ಮಗಳಿಗೆ ಹೇಳಿದ್ದು ಇಷ್ಟೇ: ಬಲಗೈ ರೂಢಿ ಮಾಡಿಕೋ, ಇನ್ನೂ ಎರಡು ವಾರ ಐತಿ. ಎರಡು ವಾರವಂತೆ! ಹುಟ್ಟಿದಂದಿನಿಂದ ಬಂದ ಕೈಯನ್ನು ಎರಡು ವಾರದಲ್ಲಿ ಬದಲಾಯಿಸಲು ಅದೇನು ಕಾಲಿನ ಚಪ್ಪಲಿಯೇ?

ಶೀಲಾ ಮತ್ತೊಮ್ಮೆ ಕೈ ಎತ್ತಿದಳು. ಒಂದು ಕಣ್ಣು ಮುಚ್ಚಿ ಗುರಿ ಹಿಡಿದಳು. ಪ್ರಿಯಂವದಾ ಗುರಿಯನ್ನು ನೋಡುವುದು ಬಿಟ್ಟು ಅವಳ ಮುಖವನ್ನು ನೋಡತೊಡಗಿದರು.

“ತಡಿ. ಬಲಗೈಲೆ ಹಿಡದು ಬಲಗಣ್ಣು ಯಾಕ ಮುಚ್ಚೀದಿ?”

ಶೀಲಾ ಅಪ್ಪನ ಕಡೆ ನೋಡಿದಳು. ಹೊಸ ಸಾಮಾನು ಕೈಗೆ ಹೊಂದಲು ಹೊತ್ತು ಹಿಡಿಯುತ್ತದೆ, ಇನ್ನೊಂದು ಹೊಡೆಯಲಿ ಎಂದು ಅವನು ಗಡಿಬಿಡಿಯಿಂದ ನಡುವೆ ಬಾಯಿ ಹಾಕಿದ. ಇನ್ನೊಂದನ್ನೂ ಹೊಡೆದಳು. ಅದು ಎಲ್ಲಿ ಹೋಯಿತೋ ದೇವರೇ ಬಲ್ಲ.

ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಸೆರಗಿನಿಂದ ಗಲ್ಲ ಒತ್ತಿಕೊಂಡು ಒಬ್ಬ ಮುದುಕಿ ಬಂದು ನಿಂತಳು. ಡಾಕ್ಟರು ಎಲ್ಲಿ ಹೋದರೆಂದು ಹುಡುಕಿಕೊಂಡು ಬಂದವಳು. ಅವಳನ್ನು ನೋಡಿ ಕುಬೇರಪ್ಪನ ಎದೆ ಧಸಕ್ಕೆಂದಿತು. ಅಬಲೂರಿನ ಉಡಚವ್ವ! ತಮ್ಮ ಹಿರೇಕೆರೂರು ತಾಲೂಕಿನ ಅರ್ಧ ಲಗ್ನ ಕೂಡಿಸಿದವಳು. ಸವಣೂರಿಗೆ ಕೊಟ್ಟ ಮಗಳ ಮನೆಗೆ ಬಂದಲ್ಲಿ ಒಸಡು ಬಾತಿತ್ತು. ಹಲ್ಲುನೋವು ಮರೆತು ಅವಳು ಅಲ್ಲೇ ಮೆಟ್ಟಿಲ ಮೇಲೆ ಕುಂತಳು.

ಪ್ರಿಯಂವದಾ ಹುಡುಗಿಯ ಕೈಯಿಂದ ಪಿಸ್ತೂಲು ಇಸಿದುಕೊಂಡು ಪೆಟ್ಟಿಗೆಯಲ್ಲಿಟ್ಟರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಇನ್ನೂ ಕಷ್ಟವಾಗಿತ್ತು. ತಾವು ಪ್ರೀತಿಯಿಂದ ಇಟ್ಟುಕೊಂಡದ್ದು ಯಾರದೋ ಮನೆಯ ಶೋಕೇಸಿನಲ್ಲಿ ಕೂಡುವುದು ತಮಗೆ ಬೇಡ, ಹುಡುಗಿಗೆ ಇನ್ನೂ ತಯಾರಿ ಇಲ್ಲ, ಸಂಚಕಾರ ತಿರುಗಿ ತೆಗೆದುಕೊಂಡು ಹೋಗಲಿ ಅಂದರು. ಕೊಟ್ಟ ಸಂಚಕಾರ ತಿರುಗಿ ಇಸಿದುಕೊಳ್ಳುವುದು ತನ್ನ ಮನೆತನದಲ್ಲೇ ಇಲ್ಲವೆಂದು ಕುಬೇರಪ್ಪ ಬಿಗಿದುಕೊಂಡ. ಹೊಡೆಯಲು ಬಾರದಿದ್ದರೂ ಚಿಂತೆಯಿಲ್ಲ, ಅದನ್ನೇ ಕೊಡಿರಿ ಅಂದ.

ಆ ಮಾತು ಕೇಳಿ ಶೀಲಾಳಿಗೆ ಅಳುವಲ್ಲ, ಸಿಟ್ಟು ಬಂತು.

“ಅಪ್ಪಾ, ಹೇಳು,” ಅಂದಳು. “ನಾ ಹೇಳಾಂಗಿಲ್ಲ. ಯಾವ ಬಾಯಿಲೆ ಬಲಗೈ ಅಂದೀಯೋ ಅದ ಬಾಯಿಲೆ ನೀನ ಹೇಳು.”

ಕುಬೇರಪ್ಪ ಹೆಗಲ ಮೇಲಿನ ಟಾವೆಲು ತೆಗೆದು ಮುಖ ಒರೆಸಿಕೊಂಡ. ಮತ್ತೆ ಹೆಗಲ ಮೇಲೆ ಹಾಕಿಕೊಂಡ. ಮೆಟ್ಟಿಲ ಮೇಲಿನ ಉಡಚವ್ವ ಸೆರಗು ಗಲ್ಲದಿಂದ ತೆಗೆದು ಕಿವಿ ನೆಟ್ಟಗೆ ಮಾಡಿದ್ದಳು. ಶೀಲಾ ಅಪ್ಪನ ಮೇಲಿಟ್ಟ ದೃಷ್ಟಿ ಕೀಳಲಿಲ್ಲ. ಈಗ ಹೇಳದಿದ್ದರೆ ಇವನು ಇನ್ನು ಯಾವತ್ತೂ ಹೇಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

“ಡಾಕ್ಟರಬಾಯಾರ,” ಅಂದ ಕಡೆಗೆ. “ತಪ್ಪು ನಂದೈತ್ರಿ. ನನ್ನ ಮಗಳು ರೊಡ್ಡಿ ಅದಾಳ. ಎಡಕ್ಕ ಕಲ್ತ ಎತ್ತು ಬಲಕ್ಕ ಹೂಡಿದ್ರ ಸಾಲು ಸೀದಾ ಬರ್ತೈತೇನ್ರಿ? ಗೊತ್ತಿದ್ದೂ ಹೂಡೇನ್ರಿ ನಾನು.”

“ಹೌದೇನೋ ಕುಬೇರಪ್ಪ? ರೊಡ್ಡಿ ಏನು ಈಕಿ?” ಉಡಚವ್ವನ ಬಾತ ಬಾಯಿಂದ ಮಾತು ತೊದಲುತ್ತ ಬಂತು.

“ಹೌದಬೇ. ಯಾರಿಗೆ ಹೇಳಾಕಿ ಅದಿ, ಹೇಳು.”

ಪ್ರಿಯಂವದಾ ಒಳಗೆ ಹೋಗಿ ಎರಡನೆಯ ಪೆಟ್ಟಿಗೆ ತಂದರು. ಹಳೆಯ ಪಿಸ್ತೂಲು, ಕಪ್ಪು ಬಣ್ಣ ಅಲ್ಲಲ್ಲಿ ಸವೆದು ಬಿಳಿ ಲೋಹ ಕಾಣುತ್ತಿತ್ತು. ಕಟ್ಟಿಗೆಯ ಹಿಡಿ ಎರಡೂ ಕಡೆ ಒಂದೇ ಸಮ. ಗಾಳಿ ತುಂಬಿದ ಸಿಲಿಂಡರು ಇದಕ್ಕಿಲ್ಲ, ಪ್ರತಿ ಗುಂಡಿಗೂ ಕೆಳಗಿನ ಸನ್ನೆಕೋಲು ತೆರೆದು ಒತ್ತಬೇಕು, ರಟ್ಟೆ ನೋಯುತ್ತದೆ, ಆದರೆ ಸೋರುವ ಭಯವಿಲ್ಲ ಎಂದು ತೋರಿಸಿಕೊಟ್ಟರು. ತಾವು ಕಲಿತದ್ದು ಇದರಲ್ಲೇ ಅಂತೆ. ನೋಡಲು ಚಂದವಿಲ್ಲವೆಂದು ಯಾರೂ ಕೇಳುವುದಿಲ್ಲ, ಹಾಗಾಗಿ ಇದರ ಬೆಲೆ ಆ ಇನ್ನೊಂದರ ಅರ್ಧವೂ ಇಲ್ಲ. ಕೊಟ್ಟ ಸಂಚಕಾರವನ್ನು ಇದಕ್ಕೇ ಹಿಡಿದರಾಯಿತು, ಯಾರ ಮಾತೂ ಮುರಿಯುವುದಿಲ್ಲ ಅಂದರು.

“ಆದ್ರ ಮೊದಲ ಹೊಡದು ತೋರಸ್ಲಿ,” ಅಂದರು. “ಇಲ್ಲಂದ್ರ ಇದನ್ನೂ ಕೊಡೂದಿಲ್ಲ.”

ಶೀಲಾ ಸನ್ನೆಕೋಲು ಒತ್ತಿ, ಗುಂಡು ಇಟ್ಟು, ಎಡಗೈ ಎತ್ತಿದಳು. ಮೊದಲನೆಯದು ಕರಿ ವೃತ್ತದ ಅಂಚಿಗೆ ಬಡಿಯಿತು. ಕುಬೇರಪ್ಪ ಕಣ್ಣು ಮುಚ್ಚಿಕೊಂಡ. ಅವಳು ಅವಸರ ಮಾಡಲಿಲ್ಲ. ಕೈ ಇಳಿಸಿ, ಉಸಿರು ಬಿಟ್ಟು, ನಿಂತ ಕಾಲು ಒಂದಿಷ್ಟು ಸರಿಸಿಕೊಂಡಳು. ಆಮೇಲಿನವು ಒಂದಾದ ಮೇಲೊಂದು ಹೋದವು. ಹಲಗೆಯ ಸದ್ದು ಇಲ್ಲ, ಕಾಗದ ಹರಿದು ಅದರ ಬೆನ್ನಿಗೆ ಕಟ್ಟಿದ ಅರಿವೆಯ ಗಂಟಿಗೆ ಇಳಿಯುವ ಸದ್ದಷ್ಟೇ. ಡಾಕ್ಟರು ಕಾರ್ಡು ತಂದು ಕೊಟ್ಟಾಗ ನಡುವೆ ಇದ್ದದ್ದು ಬೇರೆ ಬೇರೆ ತೂತುಗಳಲ್ಲ, ಒಂದಕ್ಕೊಂದು ಕೂಡಿದ ಒಂದೇ ತೂತು. ಕುಬೇರಪ್ಪ ಅದರಲ್ಲಿ ಕಿರುಬೆರಳು ತೂರಿಸಿ ನೋಡಿದ. ಉಗುರು ಹಿಡಿಯಿತು, ಅಷ್ಟೇ. ಮಡಚದೆ ಅದನ್ನು ಅಂಗಿಯೊಳಗೆ ಇಟ್ಟುಕೊಂಡ. ಉಡಚವ್ವನಿಗೆ ಹಲ್ಲು ಮತ್ತೆ ಜಗ್ಗತೊಡಗಿತ್ತು, ಡಾಕ್ಟರು ಅವಳನ್ನು ಒಳಗೆ ಕರೆದೊಯ್ದರು.

ಬಸ್ ಸ್ಟ್ಯಾಂಡಿನಲ್ಲಿ ಹಾನಗಲ್ಲಿನ ಬಸ್ಸು ಬರುವುದು ತಡವಿತ್ತು. ಕುಬೇರಪ್ಪ ಅಂಗಡಿಗೆ ಹೋಗಿ ಕುರುಕುರು ತಿನ್ನುವ ಸವಣೂರ ಖಾರದ ಪೊಟ್ಟಣ ಕಟ್ಟಿಸಿಕೊಂಡು ಬಂದ. ಕಾಗದ ಬಿಚ್ಚಿ ಮಗಳ ಮುಂದೆ ಮುಷ್ಟಿ ತುಂಬ ಚಾಚಿದ. ಪಿಸ್ತೂಲಿನ ಪೆಟ್ಟಿಗೆ ಅವಳ ಬಲಗೈಯಲ್ಲಿತ್ತು. ಮನೆಯ ರೂಢಿಯಂತೆ ಅದನ್ನು ಎಡಗೈಗೆ ದಾಟಿಸಿ ಖಾಲಿ ಬಲಗೈ ಚಾಚಿದಳು.

ಅವನು ಕೊಡಲಿಲ್ಲ. ಮುಷ್ಟಿ ಹಿಡಿದೇ ನಿಂತ. ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಪೆಟ್ಟಿಗೆಯನ್ನು ಮತ್ತೆ ಬಲಕ್ಕೆ ದಾಟಿಸಿ ಎಡ ಅಂಗೈ ಮುಂದೆ ಮಾಡಿದಳು. ಒಂದು ಕಾಳೂ ಚೆಲ್ಲದಂತೆ ಅವನು ಅದರಲ್ಲಿ ಖಾರ ಸುರಿದ.

ಎದುರಿನ ಬೆಂಚಿನಲ್ಲಿ ಕೂತಿದ್ದ ಹೆಂಗಸೊಬ್ಬಳು ಹುಡುಗಿಯ ಕೈಯನ್ನೇ ನೋಡುತ್ತಿದ್ದಳು. ಆಕೆ ದೃಷ್ಟಿ ಬೇರೆ ಕಡೆ ತಿರುಗಿಸುವವರೆಗೂ ಕುಬೇರಪ್ಪ ಆಕೆಯನ್ನೇ ನೋಡುತ್ತ ನಿಂತ.