ಹೊಲಿಗೆಯವಳ ಹಲ್ಲು

ಎಡ ಭುಜದ ಹೊಲಿಗೆ ಅರ್ಧ ಇಂಚು ಹಿಂದೆ ಸರಿದಿದೆ, ಯಾವ ಪುಣ್ಯಾತ್ಮ ಹೊಲಿದನೋ, ಹೆಡ್ಮಿಸ್ಸು ಕೈ ಚಾಚಿದಾಗಲೆಲ್ಲ ಕಾಲರೂ ಎದ್ದು ಬರುತ್ತದೆ — ಆ ಕೈ ಈಗ ಕಾಗದವೊಂದನ್ನು ಹೊಲಿಗೆಯವಳ ಮುಂದಕ್ಕೆ ತಳ್ಳುತ್ತಿದೆ, ಮಗಳನ್ನು ನಾನಾಗಿಯೇ ಶಾಲೆ ಬಿಡಿಸುತ್ತಿದ್ದೇನೆ ಎಂದು ಬರೆದದ್ದು, ಕೆಳಗೆ ಸಹಿಗೆ ಜಾಗ, ಬೇಜಾರು ಮಾಡ್ಕೋಬೇಡಿ, ನೀವು ಚೆನ್ನಾಗೇ ಸಾಕಿದೀರಿ, ಆದ್ರೆ ಪಕ್ಕದ ಹುಡುಗಿ ತೋಳು ಕಚ್ಚೋದು ಅಂದ್ರೇನು, ಇದು ಹುಟ್ಟುಗುಣ, ನೂಲಿನಂತೆ ಸೀರೆ, ತಾಯಿಯಂತೆ ಮಗಳು, ಹೆತ್ತೋಳು ಎಂಥೋಳೋ ಯಾರಿಗೆ ಗೊತ್ತು. ನಲವತ್ತು ದಿನದ ಕೂಸನ್ನು ಎತ್ತಿ ತಂದ ದಿನ ಅತ್ತೆಯೂ ಇದನ್ನೇ ಅಂದಿದ್ದರು, ಯಾರದೋ ರಕ್ತ ತಂದು ಮಡಿಲಲ್ಲಿ ಇಟ್ಕೋತೀಯಲ್ಲೇ — ಈಗ ಅದೇ ಅತ್ತೆ ಮೊಮ್ಮಗಳ ಮೊಂಡುತನ ಕಂಡು ಥೇಟ್ ನಮ್ಮಪ್ಪನೇ ಎಂದು ಬೀಗುತ್ತಾರೆ, ಒಳ್ಳೆಯದಾದರೆ ಮನೆತನದ್ದು, ಕೆಟ್ಟದ್ದಾದರೆ ರಕ್ತದ್ದು, ಎಂಥ ನ್ಯಾಯವಪ್ಪಾ ಇದು, ನನ್ನ ಒಡಹುಟ್ಟಿದ ಅಣ್ಣನಿಗೆ ಸೂಜಿಗೆ ದಾರ ಪೋಣಿಸಲೂ ಬಾರದು, ಆಗ ರಕ್ತ ಎಲ್ಲಿ ಮಲಗಿತ್ತು. ಹೊರಗೆ ಬೆಂಚಿನ ಮೇಲೆ ಮಗಳು ಬಿಕ್ಕುತ್ತಿದ್ದಾಳೆ, ಒಳಗೆ ಬರುವಾಗ ಏನೋ ಅಂದಳಲ್ಲ, ದಾರ ಇತ್ತಮ್ಮಾ, ಬಾಯಿ ಮುಚ್ಚು ಎಂದು ಗದರಿಬಿಟ್ಟೆ.

ಕಚ್ಚಿಸಿಕೊಂಡ ಹುಡುಗಿಯನ್ನು ಕರೆಸಿ ತೋಳು ತೋರಿಸುತ್ತಾರೆ, ನಾಲ್ಕು ಹಲ್ಲಿನ ಗುರುತು, ಕೆಂಪಗೆ, ಸರಿಯಾಗಿ ಅಂಗಿ ತೋಳಿನ ಅಂಚಿನ ಕೆಳಗೆ, ಅಂಚಿನ ಹೊಲಿಗೆ ಬಿಚ್ಚಿದೆ, ಬಿಚ್ಚಿದ ನೀಲಿ ದಾರ ಬುಡಕ್ಕೇ ತುಂಡಾಗಿದೆ — ಕತ್ತರಿಯಿಂದಲ್ಲ, ತುದಿ ಜಜ್ಜಿಹೋಗಿದೆ, ಹೊಲಿಗೆಯವಳಿಗಲ್ಲದೆ ಇದು ಇನ್ಯಾರಿಗೆ ತಿಳಿಯಬೇಕು. ಅಯ್ಯೋ ನನ್ನ ಬಂಗಾರವೇ! ನಾಲಿಗೆ ತಾನಾಗಿ ಮುಂದಿನ ಹಲ್ಲಿಗೆ ಹೋಗುತ್ತದೆ, ಇಪ್ಪತ್ತು ವರ್ಷ ದಾರ ಕಚ್ಚಿ ಕಚ್ಚಿ ಬಿದ್ದ ಸವಕಲು ಗೆರೆಗೆ, ಕತ್ತರಿ ಯಾವತ್ತು ಕೈಗೆ ಸಿಕ್ಕಿದೆ, ಮಷೀನಿನ ಕಾಲಬುಡದಲ್ಲಿ ಕೂತು ಕೂಸು ದಿನಕ್ಕೆ ನೂರು ಸಲ ನೋಡಿದೆ, ದಾರ ಕಂಡರೆ ಬಾಯಿ. ಸಹಿ ಹಾಕಲ್ಲ ಮೇಡಂ. ಯಾಕ್ರೀ? ಕಚ್ಚೋದು ಕಲಿಸಿದ್ದು ನಾನು, ಗೆಳತಿ ಅಂಗಿ ಸರಿಮಾಡೋಕೆ ಹೋಗಿದಾಳೆ, ಚರ್ಮ ಸಿಕ್ಕಿದೆ. ತಪ್ಪು ತಪ್ಪೇ, ಈ ಹುಡುಗಿಯ ಕೈ ಹಿಡಿದು ಕ್ಷಮೆ ಕೇಳುತ್ತೇನೆ, ಅಂಚು ಹೊಲಿದೂ ಕೊಡುತ್ತೇನೆ, ಆದರೆ ನಾನು ಮುಖವನ್ನೇ ಕಾಣದ ಆ ಹೆತ್ತ ಹೆಂಗಸಿನ ತಲೆಗೆ ಇದನ್ನು ಕಟ್ಟಗೊಡುವುದಿಲ್ಲ, ಮಗಳ ನಗು ಅವಳದೇ ಇರಬಹುದು, ಗುಂಗುರು ಕೂದಲು ಅವಳದೇ, ಇರಲಿ, ಈ ಹಲ್ಲು ನನ್ನದು, ಇದನ್ನು ಯಾರಿಗೂ ಬಿಟ್ಟುಕೊಡೆ — ಹೆಡ್ಮಿಸ್ಸು ಏನೋ ಹೇಳುತ್ತಲೇ ಇದ್ದಾರೆ, ಕಿವಿಗೆ ಬೀಳುತ್ತಿಲ್ಲ, ಪುಟ್ಟ ತೋಳು, ನಾಲ್ಕು ಹಲ್ಲು, ತುಂಡಾದ ನೀಲಿ ದಾರ, ನಾಲ್ಕು ಹಲ್ಲು, ನೀಲಿ ದಾರ, ನಾಲ್ಕು ಹಲ್ಲು —